ಕೆಂದನ ಪಾಲಿನ ತುತ್ತು

ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಬರುವ ಮೊದಲೇ ಅವರು ಕೇಳುವುದು ಎರಡೇ ಮಾತು: ಬಡ್ತಿ ಯಾವಾಗ ಸಿಗುತ್ತದೆ, ವರ್ಗಾವಣೆ ತಪ್ಪಿಸಿಕೊಳ್ಳುವುದು ಹೇಗೆ. ಎರಡಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ಬಡ್ತಿ ನನ್ನನ್ನು ಹುಡುಕಿಕೊಂಡು ಬರಲಿಲ್ಲ, ವರ್ಗಾವಣೆ ತಪ್ಪದೆ ಬಂತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮತ್ತೆ ಚಿತ್ರದುರ್ಗ ಎಂದು ಗಾಣದೆತ್ತಿನ ಹಾಗೆ ಒಂದೇ ಸೀಮೆಯಲ್ಲಿ ಸುತ್ತಿ ಪೆನ್ಷನ್ ಪಡೆದೆ. ಕೆಲಸ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಬೇಕಾದಷ್ಟಿದೆ. ಯಾರೂ ಕೇಳುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ನಮ್ಮಪ್ಪ ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದವರು. ಮಗ ಮುಂಬಯಿಗೆ ಹೋಗಿ ಓದಿ ಡಾಕ್ಟರಾಗಿ ಬಂದ ಎಂದು ಊರೆಲ್ಲ ಹೇಳಿಕೊಂಡರು. ಯಾವುದರ ಡಾಕ್ಟರು ಎಂಬುದನ್ನು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ನಮ್ಮ ದೂರದ ನೆಂಟರೊಬ್ಬರು ಜಗುಲಿಯ ಮೇಲೆ ಕುಳಿತು, ಹೊಟ್ಟೆಯಲ್ಲಿ ಸಂಕಟವೆಂದು ನಾಡಿ ನೋಡಲು ಕೈ ಚಾಚಿದರು. ನಾನು, "ಮಾವ, ನಾಲ್ಕು ಕಾಲಿದ್ದರೆ ನೋಡ್ತಿದ್ದೆ" ಎಂದೆ. ಅವರು ನಕ್ಕರು. ನಮ್ಮಪ್ಪ ನಗಲಿಲ್ಲ. ಆಮೇಲೆ ಎಷ್ಟೋ ದಿನ ನನ್ನ ಜೊತೆ ಮಾತೇ ಆಡಲಿಲ್ಲ. "ಅಷ್ಟು ಓದಿ ಸಗಣಿ ತುಳಿಯೋಕೆ ಹೋದನಲ್ಲ" ಎಂದು ಅವ್ವನ ಹತ್ತಿರ ಹೇಳಿದರಂತೆ. ಸಗಣಿ ತುಳಿದದ್ದು ನಿಜ. ನಾಚಿಕೆಯಾಗಲಿಲ್ಲ ಎನ್ನುವುದೂ ನಿಜ.

ಆಗಿನ ಕೆಲಸಕ್ಕೆ ಆಸ್ಪತ್ರೆಯ ಕಟ್ಟಡ ಬೇಕಿರಲಿಲ್ಲ. ಒಂದು ತಟ್ಟು ಕುದುರೆ, ಒಂದು ಔಷಧದ ಪೆಟ್ಟಿಗೆ, ಆ ಪೆಟ್ಟಿಗೆಗಿಂತ ಭಾರವಾದ ಮನುಷ್ಯ ನಮ್ಮ ಕಾಂಪೌಂಡರ್ ಹುಸೇನ್ ಸಾಬರು, ಇಷ್ಟೇ ನಮ್ಮ ಇಲಾಖೆ. ಹುಸೇನ್ ಸಾಬರು ಕತ್ತೆಯ ಮೇಲೆ ಪೆಟ್ಟಿಗೆ ಹೇರಿಕೊಂಡು ಹಿಂದೆ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕವರು ನಮ್ಮನ್ನು ಪಾತ್ರೆ ಮಾರುವವರೆಂದುಕೊಂಡು ಚೌಕಾಸಿಗೆ ನಿಲ್ಲಿಸುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯೂರಿನ ಕಡೆ ನಡೆದದ್ದನ್ನು ಹೇಳಿಬಿಡುತ್ತೇನೆ, ನೀವೂ ಅದನ್ನೇ ಮಾಡುವುದು ಬೇಡ. ವೇದಾವತಿಯ ದಂಡೆಯ ಒಂದು ಹಳ್ಳಿಗೆ ದನಗಳ ದೊಡ್ಡರೋಗ ಬಂದಿತ್ತು. ಆಗಷ್ಟೇ ಸೀರಮ್ ಚುಚ್ಚುವ ಪದ್ಧತಿ ನಮ್ಮ ಕೈಗೆ ಬಂದಿತ್ತು. ಊರಿನವರನ್ನೆಲ್ಲ ಕೂಡಿಸಿ, ಕಾಲೇಜಿನಲ್ಲಿ ಕಲಿತದ್ದನ್ನು ಒಂದಕ್ಷರ ಬಿಡದೆ ವಿವರಿಸಿದೆ. ಇದು ರೋಗ ಬಂದು ಗುಣವಾದ ದನದ ರಕ್ತದಿಂದ ತೆಗೆದದ್ದು ಎಂದೆ. ರಕ್ತ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಸೂಜಿ ಕುದಿಸುವುದರೊಳಗೆ ಊರಿನ ಅಷ್ಟೂ ದನ ಹೊಳೆ ದಾಟಿ ಆಚೆ ದಡದಲ್ಲಿ ನಿಂತಿದ್ದವು. ಹುಸೇನ್ ಸಾಬರು ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬ್ರೇ, ನಿಜ ಹೇಳಾದು ಸರಿ. ಎಲ್ಲಾನೂ ಒಂದೇ ಸಲಕ್ಕೆ ಹೇಳ್ಬೇಕಾ?" ಎಂದರು. ಮಾರನೆಯ ದಿನ ಹೊಳೆ ದಾಟಿ ಹೋಗಿ, ರೋಗ ಗೆದ್ದ ದನದ ಶಕ್ತಿಯನ್ನು ನಿಮ್ಮ ದನಕ್ಕೆ ಕೊಡುತ್ತೇವೆ ಎಂದು ಅದೇ ನಿಜವನ್ನು ಬೇರೆ ಮಾತಿನಲ್ಲಿ ಹೇಳಿದೆ. ಅರ್ಧ ಊರು ಒಪ್ಪಿತು. ಉಳಿದರ್ಧ ಒಪ್ಪುವ ಹೊತ್ತಿಗೆ ಅವರ ಕೊಟ್ಟಿಗೆ ಖಾಲಿಯಾಗಿತ್ತು.

ಇನ್ನು ನಾಯಿಯ ವಿಷಯ. ನಮ್ಮ ಇಲಾಖೆ ಇದ್ದದ್ದು ದನ, ಕುರಿ, ಕುದುರೆಗಳಿಗೆ. ನಾಯಿ ನೋಡಬಾರದೆಂದು ಯಾರೂ ಹೇಳಿರಲಿಲ್ಲ, ನೋಡಬಹುದೆಂದು ಯಾರೂ ಯೋಚಿಸಿಯೂ ಇರಲಿಲ್ಲ. ಸಾಹೇಬರ ಬಂಗಲೆಯ ನಾಯಿಯಾದರೆ ರೋಗಿ, ಹಟ್ಟಿಯ ನಾಯಿಯಾದರೆ ಬರೀ ನಾಯಿ. ಈ ವ್ಯತ್ಯಾಸ ನನಗೆ ಯಾವತ್ತೂ ತಲೆಗೆ ಹತ್ತಲಿಲ್ಲ. ನನ್ನ ನೌಕರಿಯಲ್ಲೆಲ್ಲ ನಾನು ಹೆಚ್ಚು ಹೆಮ್ಮೆಪಡುವ ರೋಗಿ ಒಂದು ಹಟ್ಟಿಯ ನಾಯಿಯೇ.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ಕುರುಬರ ಹಟ್ಟಿ. ಮೂವತ್ತು ನಲವತ್ತು ಮನೆ, ಮನೆಗೊಂದು ಮುಳ್ಳುಬೇಲಿ ಕಟ್ಟಿದ ಕುರಿಯ ರೊಪ್ಪ, ರೊಪ್ಪಕ್ಕೊಂದು ನಾಯಿ. ಕುರಿಗಳಿಗೆ ಕಾಲುಬೇನೆ ಬಂದಿದೆ ಎಂದು ಹೇಳಿಕಳಿಸಿದ್ದರು, ಅದಕ್ಕೆ ಹೋಗಿದ್ದೆವು. ಹಟ್ಟಿಯ ಬಾಯಿಗೆ ಬರುತ್ತಿದ್ದಂತೆ ಎದುರಿಗೆ ಊರಗೌಡರು ಕೋವಿ ಹಿಡಿದು ನಿಂತಿದ್ದರು. ಅವರ ಹಿಂದೆ ಗಂಡಸರೆಲ್ಲ ದೊಣ್ಣೆ ಹಿಡಿದಿದ್ದರು. ನಮ್ಮ ಸ್ವಾಗತಕ್ಕೆ ಇಷ್ಟು ಸಿದ್ಧತೆ ಯಾಕೆಂದು ಹುಸೇನ್ ಸಾಬರು ಕತ್ತೆಯ ಮರೆಗೆ ಸರಿದರು.

"ಒಳ್ಳೇ ಹೊತ್ತಿಗೆ ಬಂದ್ರಿ ಡಾಕ್ಟ್ರೇ" ಎಂದರು ಗೌಡರು. "ಕೆಂಚಮ್ಮನ ನಾಯಿಗೆ ಹುಚ್ಚು ಹಿಡದೈತೆ. ಬಾಯಿ ಮುಚ್ಚಾದಿಲ್ಲ, ಜೊಲ್ಲು ಸುರಿಸ್ತೈತೆ. ನಿನ್ನೆ ಆಯಮ್ಮನ ಕೈಗೇ ಬಾಯಿ ಹಾಕೈತೆ. ಹೊಡದಾಕಾಣ ಅಂದ್ರೆ ರೊಪ್ಪದ ಬಾಗಿಲಿಗೆ ಅಡ್ಡ ಕುಂತಾಳೆ."

"ಕೈಗೆ ಏನು ಹಾಕಿದ್ರಿ?"

"ಏನು ಹಾಕಾದು. ಆಯಮ್ಮಂಗೂ ಆಗ್ಲೇ ಹತ್ತೈತೆ. ನಿನ್ನೆಯಿಂದ ಹೊಟ್ಟಿಗೆ ಏನೂ ತಗಂಡಿಲ್ಲ. ಚೊಂಬು ಕೊಟ್ರೆ ಬಿಸಾಕಿದ್ಲು. ನೀರು ಕಂಡ್ರೆ ಆಗ್ತಿಲ್ಲ."

ಗೌಡರು ಕೆಟ್ಟವರಲ್ಲ. ಹೇಳುತ್ತಲೇ ರೊಪ್ಪದ ಕಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಹುಚ್ಚುನಾಯಿ ಕಡಿದು ಸತ್ತವರನ್ನು ನೋಡಿದ ಯಾರಿಗಾದರೂ ಹಾಗೇ ಆಗುತ್ತದೆ. ಆದರೆ ಆ ರೋಗ ನಿನ್ನೆ ಕಚ್ಚಿ ಇವತ್ತು ಬರುವಂಥದ್ದಲ್ಲ, ವಾರಗಳೇ ಬೇಕು. ಅಂದ ಮೇಲೆ ಈ ಹೆಂಗಸು ಉಪವಾಸ ಕೂತದ್ದು ಬೇರೆ ಯಾವುದೋ ಕಾರಣಕ್ಕೆ. ಮೊದಲು ಅವಳನ್ನು ನೋಡೋಣ ಎಂದು ನಡೆದೆ.

ಕೆಂಚಮ್ಮ ನಡುವಯಸ್ಸಿನ ವಿಧವೆ. ಉಣ್ಣೆ ನೂತು ಕೊಡುತ್ತಿದ್ದಳು, ಅಣ್ಣ ಮೈಲಾರಪ್ಪ ಪಕ್ಕದ ಮನೆಯಲ್ಲಿ ಮಗ್ಗ ಇಟ್ಟು ಕಂಬಳಿ ನೇಯುತ್ತಿದ್ದ. ಮಕ್ಕಳಿರಲಿಲ್ಲ. ಇದ್ದದ್ದು ಒಂದಿಷ್ಟು ಕುರಿ, ಅವುಗಳನ್ನು ಕಾಯುವ ಕೆಂಪು ಬಣ್ಣದ ನಾಯಿ ಕೆಂದ. ರೊಪ್ಪದ ಮುಳ್ಳುಬಾಗಿಲಿಗೆ ಬೆನ್ನು ಕೊಟ್ಟು, ಹರಿದ ಸೆರಗನ್ನು ಬಲಗೈಗೆ ಸುತ್ತಿಕೊಂಡು ಕುಳಿತಿದ್ದಳು.

"ಏನಮ್ಮಾ, ನೀರು ಕುಡೀತೀಯಾ?" ಎಂದೆ.

"ಕೊಡ್ರಿ" ಎಂದಳು. ನನ್ನ ಬಾಟಲಿಯ ನೀರನ್ನು ಎತ್ತಿ ಗಟಗಟನೆ ಕುಡಿದಳು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮತ್ತೆ ಚೊಂಬು ಬಿಸಾಕಿದ್ದೇಕೆ?"

"ಅದ್ರಾಗೆ ಅಂಬಲಿ ಇತ್ರಿ. ಕೆಂದ ಮೊನ್ನೆಯಿಂದ ಉಂಡಿಲ್ಲ, ನಾ ಹೆಂಗ್ ಉಣ್ಣಲಿ? ನಮ್ಮನೇಲಿ ಮೊದ್ಲ ತುತ್ತು ನಾಯೀದು. ನಮ್ಮತ್ತೆ ಕಾಲದಿಂದ ಹಂಗೇ. ರಾತ್ರಿಯೆಲ್ಲಾ ತೋಳನ ಕಾಯೋದು ಅದು, ನಾವು ಮಲಗ್ತೀವಿ. ಅದು ಉಂಡ ಮ್ಯಾಲೆ ನಾವು. ಅಣ್ಣಗೂ ಹೇಳ್ದೆ, ಇವ್ರಿಗೂ ಹೇಳ್ದೆ. ಯಾರು ಕೇಳ್ತಾರೆ? ಹುಚ್ಚು ಅಂತಾರೆ."

"ಕಚ್ಚಿದ್ದು ಹೇಗೆ?"

"ಕಚ್ಚಿಲ್ರಿ. ಉಣ್ಲಿಲ್ಲ ಅಂತ ನಾನೇ ಮುದ್ದೆ ಉಂಡೆ ಮಾಡಿ ಬಾಯಾಗೆ ತುರುಕ್ದೆ. ಅದಕ್ಕೆ ನೋವಾತೇನೋ, ಹಲ್ಲು ತಾಗ್ತು."

ಮೊದಲು ಅವಳ ಕೈಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು ಗಾಯಕ್ಕೆ ಕಟುವಾದ ಕಾರ್ಬಾಲಿಕ್ ಆಸಿಡ್ ಮುಟ್ಟಿಸಿದೆ. ಅದರ ಉರಿ ಎಂಥದ್ದೆಂದು ನನಗೆ ಗೊತ್ತು, ಎತ್ತುಗಳೇ ಹಗ್ಗ ಹರಿಯುತ್ತವೆ. ಅವಳು ಕೈ ಎಳೆದುಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ರೊಪ್ಪದ ಒಳಗಿತ್ತು.

ಒಳಗೆ ಗೂಟಕ್ಕೆ ಕಟ್ಟಿದ್ದ ಕೆಂದನನ್ನು ಬೇಲಿಯಾಚೆಯಿಂದ ನೋಡಿದೆ. ಕೆಳದವಡೆ ಜೋತು ಬಿದ್ದಿತ್ತು. ಜೊಲ್ಲು ನೂಲಿನ ಹಾಗೆ ನೆಲದವರೆಗೆ ಇಳಿದಿತ್ತು. ಬೊಗಳಲು ಹೋದರೆ ಗಂಟಲಿನಿಂದ ಗೊರಗೊರ ಎಂಬ ಸದ್ದು ಮಾತ್ರ. ಮೂಕಹುಚ್ಚು ಎಂದು ನಮ್ಮ ಪುಸ್ತಕಗಳು ಹೇಳುವ ಲಕ್ಷಣಗಳೆಲ್ಲ ಇದ್ದವು. ಗಂಟಲಿನಲ್ಲಿ ಮೂಳೆ ಸಿಕ್ಕಿಕೊಂಡ ನಾಯಿಯೂ ಹೀಗೇ ಕಾಣುತ್ತದೆ. ಮೂಳೆಯೆಂದು ನಂಬಿ ಬಾಯಿಗೆ ಕೈ ಹಾಕಿ ಪ್ರಾಣ ಕಳೆದುಕೊಂಡ ವೈದ್ಯರಿದ್ದಾರೆ. ಕೆಂಚಮ್ಮ "ಕೆಂದಾ" ಎಂದು ಕರೆದಾಗ ಬಾಲ ಅಲ್ಲಾಡಿತು. ಅದನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಹುಚ್ಚು ಹಿಡಿದ ನಾಯಿಯೂ ಕೊನೆಯವರೆಗೆ ಒಡತಿಯ ಗುರುತು ಹಿಡಿಯುವುದುಂಟು.

"ಹುಚ್ಚಲ್ಲ ಅಂತೀರಾ?" ಎಂದರು ಗೌಡರು.

"ಹಾಗೂ ಅನ್ನಲ್ಲ, ಹೀಗೂ ಅನ್ನಲ್ಲ. ಇನ್ನೂ ಗೊತ್ತಾಗಿಲ್ಲ."

"ಗೊತ್ತಾಗೋದ್ರಾಗೆ ಇನ್ನೊಬ್ರನ್ನ ಕಚ್ಚಿದ್ರೆ?"

"ಗೌಡ್ರೇ, ನೀವು ಹೊಡೆದುಹಾಕಿದ್ರೆ ಅದಕ್ಕೆ ಹುಚ್ಚಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ಆಮೇಲೆ ಈಯಮ್ಮ ದಿನಾ ಭಯದಲ್ಲೇ ಬದುಕಬೇಕು, ನೀವೂ ಈಯಮ್ಮನ ಕಂಡು ಭಯಪಡಬೇಕು. ನಾಯಿ ಬದುಕಿದ್ರೆ ಉತ್ತರ ಅದೇ ಹೇಳ್ತದೆ. ಹಲ್ಲು ತಾಗಿಸಿದ ನಾಯಿ ಹತ್ತು ದಿನ ಚೆನ್ನಾಗಿದ್ರೆ ಆ ಹಲ್ಲಿನಲ್ಲಿ ವಿಷ ಇರಲಿಲ್ಲ ಅಂತ ಅರ್ಥ."

ಗೌಡರು ಕೋವಿ ಇಳಿಸಲಿಲ್ಲ, ಆದರೆ ದಾರಿ ಬಿಟ್ಟರು.

ಹೊಸಬರು ಇಲ್ಲಿ ಗಮನವಿಟ್ಟು ಓದಬೇಕು. ನಾನು ಕೆಂದನ ಬಾಯಿಗೆ ಬರಿಗೈ ಹಾಕಲಿಲ್ಲ. ಧೈರ್ಯ ಬೇರೆ, ದಡ್ಡತನ ಬೇರೆ. ಉದ್ದನೆಯ ಕೋಲಿನ ತುದಿಗೆ ಕುಣಿಕೆ ಹಾಕಿ, ಮೈಲಾರಪ್ಪನ ಕೈಯಲ್ಲಿ ಅದರ ಕತ್ತನ್ನು ಗೂಟಕ್ಕೆ ಒತ್ತಿ ಹಿಡಿಸಿದೆ. ಕೆಂಚಮ್ಮ ಕೊಟ್ಟ ಹಳೆಯ ದಪ್ಪ ಕಂಬಳಿಯಲ್ಲಿ ಕಾಲುಗಳ ಸಮೇತ ಮೈಯನ್ನೆಲ್ಲ ಸುತ್ತಿಸಿದೆ. ಹುಸೇನ್ ಸಾಬರು ಕುದುರೆಯ ಜೀನಿನ ಚರ್ಮವನ್ನು ಎರಡು ಕೈಗೂ ಸುತ್ತಿಕೊಂಡು, ಬಾಯಲ್ಲಿ ಏನೋ ಪ್ರಾರ್ಥನೆ ಹೇಳುತ್ತ, ನಡುವೆ ತೂತಿದ್ದ ಮರದ ತುಂಡನ್ನು ನಾಯಿಯ ಹಲ್ಲುಗಳ ನಡುವೆ ಅಡ್ಡ ಸಿಕ್ಕಿಸಿದರು. ನೆತ್ತಿಯ ಮೇಲೆ ಬಿಸಿಲಿತ್ತು. ನನ್ನ ಕ್ಷೌರದ ಕನ್ನಡಿಯಿಂದ ಬಿಸಿಲನ್ನು ಆ ತೂತಿನೊಳಗೆ ಹಾಯಿಸಿದೆ.

ನಾಲಿಗೆಯ ಬುಡದಲ್ಲಿ ಕರಿಯ ಉಣ್ಣೆಯ ನೂಲೊಂದು ಸುತ್ತಿಕೊಂಡು ಒಳಕ್ಕೆ ಇಳಿದಿತ್ತು. ಅದರ ಜಾಡು ಹಿಡಿದು ಕನ್ನಡಿ ತಿರುಗಿಸಿದರೆ ಗಂಟಲಿನ ಗೋಡೆಯಲ್ಲಿ ಏನೋ ಮಿಂಚಿತು. ಉದ್ದನೆಯ ಚಿಮುಟ ಇಳಿಸಿ, ನೂಲು ಕತ್ತರಿಸಿ, ಮಿಂಚಿದ್ದನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದೆ. ಕೀವಿನೊಡನೆ ಹೊರಗೆ ಬಂದದ್ದು ಕಂಬಳಿಯ ಅಂಚು ಹೊಲಿಯುವ ಸೂಜಿ.

ಕಂಬಳಿ ನೇಯುವ ಮನೆಯಲ್ಲಿ ಮಾತ್ರ ಆಗುವ ಅನಾಹುತ ಅದು. ಮಗ್ಗಕ್ಕೆ ಉದ್ದಕ್ಕೆ ಹಾಯಿಸುವ ಹಾಸಿನ ನೂಲು ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಕುದಿಸಿ ಸವರುತ್ತಾರೆ. ಅಂಚು ಹೊಲಿಯುವ ನೂಲನ್ನೂ ಅದೇ ಗಂಜಿಗೆ ಅದ್ದುವುದುಂಟು. ಆ ಗಂಜಿಯೆಂದರೆ ನಾಯಿಗಳಿಗೆ ಪ್ರಾಣ. ಮೈಲಾರಪ್ಪ ನೂಲು ಪೋಣಿಸಿದ ಸೂಜಿಯನ್ನು ಗಂಜಿಯ ಮಡಕೆಯ ಪಕ್ಕ ಬಿಟ್ಟು ಎದ್ದು ಹೋಗಿದ್ದಾನೆ. ಕೆಂದ ನೂಲು ನೆಕ್ಕಿದೆ, ನೂಲಿನ ಹಿಂದೆ ಸೂಜಿಯೂ ಹೋಗಿದೆ.

ಮೈಲಾರಪ್ಪ ಬಗ್ಗಿ ಸೂಜಿ ನೋಡಿದ. "ನಂದೇ ಕಣವ್ವಾ" ಎಂದ ತಂಗಿಗೆ. ಮೂರು ದಿನದಿಂದ ಮನೆಯೆಲ್ಲ ಹುಡುಕುತ್ತಿದ್ದನಂತೆ. ಕೆಂಚಮ್ಮ ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ತೆಳ್ಳಗಿನ ರಾಗಿಗಂಜಿ ತಂದಳು. ಅದನ್ನು ತೆಂಗಿನ ಚಿಪ್ಪಿಗೆ ಉದ್ದನೆಯ ಬಿದಿರು ಹಿಡಿ ಕಟ್ಟಿದ ಸೌಟಿನಲ್ಲಿ ಬೇಲಿಯಾಚೆಯಿಂದ ಚಾಚುವಂತೆ ಹೇಳಿದೆ. ಕೆಂದ ಮೂಸಿತು. ನಾಲಿಗೆ ಚಾಚಿ, ನೋವಿಗೆ ತಲೆ ಕೊಡವಿ, ಮತ್ತೆ ಚಾಚಿತು. ಒಂದು ಗುಟುಕು ಒಳಗೆ ಹೋದದ್ದು ಗಂಟಲಿನ ಮೇಲೆ ಕಾಣಿಸಿತು.

"ಉಂಡಿತಲ್ಲ. ಇನ್ನು ನೀನು" ಎಂದೆ.

ಕೆಂಚಮ್ಮ ಮಡಕೆಯಲ್ಲಿ ಉಳಿದ ಗಂಜಿಯನ್ನು ಊರೆಲ್ಲ ನೋಡುವ ಹಾಗೆ ಎತ್ತಿ ಕುಡಿದಳು. ಗಂಡಸರ ಕೈಯ ದೊಣ್ಣೆಗಳು ಒಂದೊಂದಾಗಿ ಕೆಳಗಿಳಿದವು.

ಕುರಿಗಳ ಕಾಲಿಗೂ ಮದ್ದು ಹಾಕಿ, ಇಲ್ಲಿಗೆ ಕಥೆ ಮುಗಿಯಿತೆಂದು ನಾನು ಬೀಗುತ್ತ ಹೊಳಲ್ಕೆರೆಗೆ ಬಂದೆ. ಮುಸಾಫಿರಖಾನೆಯಲ್ಲಿ ನಮ್ಮ ದೊಡ್ಡ ಸಾಹೇಬರು ಕ್ಯಾಂಪ್ ಹಾಕಿದ್ದರು. ಇಂಗ್ಲಿಷರು, ಮೊದಲು ದಂಡಿನ ಕುದುರೆಗಳನ್ನು ನೋಡುತ್ತಿದ್ದವರು. ಇದ್ದ ಮೀಸೆ ನಗುವುದಕ್ಕೆ ಜಾಗ ಬಿಟ್ಟಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ಸೂಜಿಯನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ಸೂಜಿಯನ್ನು ಮುಟ್ಟಲೂ ಇಲ್ಲ.

"ಹುಚ್ಚು ಹಿಡಿದ ನಾಯಿ ಏನೇನು ನುಂಗುತ್ತದೆ?" ಎಂದರು.

ಮೇಜಿನ ಮೇಲಿನ ಸೂಜಿಯನ್ನು ನೋಡುತ್ತ ಹೇಳಿದೆ: "ಹುಲ್ಲು, ಕಡ್ಡಿ, ಚಿಂದಿಬಟ್ಟೆ, ದಾರ."

"ಸೂಜಿ?"

"ದಾರಕ್ಕೆ ಪೋಣಿಸಿದ್ದರೆ ಸೂಜಿಯನ್ನೂ."

"ಹಾಗಾದರೆ ಈ ಸೂಜಿಯಿಂದ ಏನು ಸಾಬೀತಾಯಿತು?"

ಏನೂ ಇಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ನಾಯಿಯನ್ನು ಗುಂಡಿಟ್ಟು ಕೊಲ್ಲಿಸಿ, ಹೆಂಗಸನ್ನು ನಾಳೆಯೇ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿಸಿ ನೀಲಗಿರಿಗೆ ಕಳಿಸು, ಅಲ್ಲಿ ಹುಚ್ಚುನಾಯಿ ಕಡಿತಕ್ಕೆ ಚುಚ್ಚುಮದ್ದು ಕೊಡುತ್ತಾರೆ ಎಂದರು. ನಾನು ಎಂದೂ ಮೇಲಿನವರ ಮುಂದೆ ವಾದಿಸಿದವನಲ್ಲ. ಆ ದಿನ ವಾದಿಸಿದೆ. ಸೂಜಿಯಿಂದ ಸಾಬೀತಾಗದಿದ್ದರೆ ನಾಯಿಯಿಂದಲೇ ಸಾಬೀತಾಗಲಿ. ಕಟ್ಟಿಹಾಕಿಸಿದ್ದೇನೆ, ದಿನವೂ ನಾನೇ ಹೋಗಿ ನೋಡುತ್ತೇನೆ. ಹದಗೆಟ್ಟರೆ ಆ ಹೆಂಗಸಿಗೆ ರೈಲು ಹತ್ತಲು ಹೊತ್ತಿದೆ. ಇವತ್ತೇ ನಾಯಿ ಕೊಂದರೆ ಆಕೆ ಹೊರಡುವುದೂ ಇಲ್ಲ, ಊರು ಆಕೆಯನ್ನು ಒಳಗೆ ಸೇರಿಸುವುದೂ ಇಲ್ಲ ಎಂದೆ.

ಸಾಹೇಬರು ಪೈಪಿನ ಬೂದಿ ಕೊಡವಿದರು. "ತಪ್ಪಾದರೆ ಹೆಣದ ಮುಂದೆ ನಿಲ್ಲುವವನು ನೀನು, ನಾನಲ್ಲ" ಎಂದರು. "ಹೊಸದುರ್ಗ ಮುಗಿಸಿಕೊಂಡು ಇದೇ ದಾರಿಯಲ್ಲಿ ಬರುತ್ತೇನೆ. ನಾನೇ ನೋಡುತ್ತೇನೆ."

ಹೊಳಲ್ಕೆರೆ ಆಸ್ಪತ್ರೆಯ ಡಾಕ್ಟರನ್ನು ಹಟ್ಟಿಗೇ ಕರೆದೊಯ್ದು ಕೆಂಚಮ್ಮನ ಕೈ ತೋರಿಸಿದೆ. ಅವರೂ ತಪ್ಪಾದರೆ ಹೊಣೆ ನನ್ನದೇ ಎಂಬ ಸಾಹೇಬರ ಮಾತನ್ನೇ ಹೇಳಿ, ಅನುಮಾನ ಬಂದ ಗಳಿಗೆ ರೈಲಿಗೆ ಎಂದರು. ಅಂದಿನಿಂದ ನನ್ನ ಕುದುರೆಗೆ ಆ ಹಟ್ಟಿಯ ದಾರಿ ಲಗಾಮು ಇಲ್ಲದೆಯೇ ತಿಳಿಯುವಂತಾಯಿತು. ಪ್ರತಿದಿನ ಕೆಂಚಮ್ಮ ಉದ್ದ ಹಿಡಿಯ ಸೌಟಿನಲ್ಲಿ ಗಂಜಿ ಕೊಡುವುದು, ಕೆಂದ ನೆಕ್ಕುವುದು, ಆಮೇಲೆ ಅವಳು ಉಣ್ಣುವುದು, ನಾನು ಇಬ್ಬರನ್ನೂ ನೋಡುವುದು. ಊರಿನವರು ದೊಣ್ಣೆ ಇಳಿಸಿದ್ದರೇ ಹೊರತು ಹತ್ತಿರ ಬರುತ್ತಿರಲಿಲ್ಲ. ಅವಳು ನೂತ ಉಣ್ಣೆಯನ್ನು ಅಣ್ಣನ ಹೊರತು ಯಾರೂ ಮುಟ್ಟಲಿಲ್ಲ. ಬಾವಿಯ ಹತ್ತಿರ ಅವಳು ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. "ಕೆಂದ ಬೊಗಳಿದ್ರೆ ಎಲ್ಲಾ ಸರಿಹೋಗ್ತದೆ ಬಿಡ್ರಿ" ಎನ್ನುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಿರುಳಿತ್ತು. ಹುಚ್ಚು ಹಿಡಿದ ನಾಯಿಯ ದನಿ ಕೆಡುತ್ತದೆ, ಮತ್ತೆ ಸರಿಹೋಗುವುದಿಲ್ಲ. ಊರೆಲ್ಲ ಒಂದು ನಾಯಿಯ ಬೊಗಳುವಿಕೆಗೆ ಕಿವಿಗೊಟ್ಟು ಕಾಯುವುದನ್ನು ನಾನು ನೋಡಿದ್ದು ಅದೊಂದೇ ಸಲ.

ನಡುವೆ ಒಂದು ದಿನ ಹೋದಾಗ ಕೆಂಚಮ್ಮ ಮತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. ಸೌಟು ನೆಲದ ಮೇಲಿತ್ತು. ಕೆಂದನ ದವಡೆ ಮತ್ತೆ ಜೋತು ಬಿದ್ದಿತ್ತು, ಕಣ್ಣು ಕೆಂಪಾಗಿತ್ತು, ಹತ್ತಿರ ಹೋದರೆ ಗುರುಗುಟ್ಟಿತು. ಗೌಡರು ಕೋವಿ ತಂದು ಬೇಲಿಗೆ ಒರಗಿಸಿ ಕುಳಿತಿದ್ದರು. ನನ್ನ ಹಠಕ್ಕಾಗಿ ಒಂದು ಹೆಣ್ಣುಜೀವವನ್ನು ಪಣಕ್ಕಿಟ್ಟೆನೆ ಎನ್ನಿಸಿತು.

"ಕೆಂಚಮ್ಮ, ನಾಳೆ ಬೆಳಗ್ಗೆ ಇದು ಹೀಗೇ ಇದ್ರೆ ನೀನು ರೈಲಿಗೆ ಹೋಗಬೇಕು. ಹುಸೇನ್ ಸಾಬರೂ ನಿಮ್ಮಣ್ಣನೂ ಜೊತೆಗೆ ಬರ್ತಾರೆ" ಎಂದೆ.

"ನಾ ಅತ್ಲಾಗೆ ಹೋದ್ರೆ ಇತ್ಲಾಗೆ ಇದನ್ನ ಹೊಡೀತಾರೆ."

"ಹೊಡೆಯೋದಿಲ್ಲ. ನೀನು ಬರೋವರೆಗೆ ನಾನು ಈ ಬಾಗಿಲಲ್ಲೇ ಕೂರ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. "ನೀವು ಕೂರ್ತೀರಾ?"

"ಕೂರ್ತೀನಿ."

"ಹಂಗಾದ್ರೆ ಹೋಗ್ತೀನಿ" ಎಂದಳು. ಗೌಡರು ಎದ್ದು ನಿಂತು, "ಡಾಕ್ಟ್ರು ಕೂರೋದಾದ್ರೆ ಇನ್ನೊಂದ್ ಕಡೆ ನಾನೂ ಕೂರ್ತೀನಿ ಬಿಡವ್ವಾ, ಯಾರೂ ಮುಟ್ಟಲ್ಲ" ಎಂದರು. ಕೋವಿ ತೆಗೆದುಕೊಂಡು ಮನೆಗೆ ಹೋದರು.

ಬೆಳಗ್ಗೆ ಗಾಡಿ ಕಟ್ಟಿಸಿಕೊಂಡೇ ಹೋದೆ. ಕೆಂಚಮ್ಮ ಕಂಬಳಿಯ ಗಂಟು ಕಟ್ಟಿಕೊಂಡು ಕುಳಿತಿದ್ದಳು. ಕೆಂದ ಮಲಗಿದ ಕಡೆ ನೆಲವೆಲ್ಲ ಕೀವು. ಸೂಜಿ ಚುಚ್ಚಿದ ಜಾಗ ಒಳಗೇ ಬಾವು ಕಟ್ಟಿ, ರಾತ್ರಿ ಒಡೆದಿತ್ತು. ದವಡೆ ಮುಚ್ಚಿತ್ತು. ನಮ್ಮನ್ನು ನೋಡಿ ಎದ್ದು ಮೈ ಮುರಿದು ಆಕಳಿಸಿತು. ಸೌಟು ಚಾಚಿದರೆ ಚಿಪ್ಪನ್ನೇ ಕಿತ್ತುಕೊಳ್ಳುವಂತೆ ಗಂಜಿ ಹೀರಿತು. ಕೆಂಚಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಆಗಲೇ. ನಾನೂ ಕುದುರೆಯ ಜೀನು ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದೆ.

ಹತ್ತು ದಿನ ತುಂಬಿದ ಮೇಲೆ ದೊಡ್ಡ ಸಾಹೇಬರು ಹೇಳಿದ ಮಾತಿನಂತೆ ಬಂದರು. ಎತ್ತರದ ಆಳು, ತಲೆಯ ಮೇಲೆ ಬುಟ್ಟಿಯಷ್ಟು ದೊಡ್ಡ ಬಿಳಿಯ ಹ್ಯಾಟು. ಆ ಹಟ್ಟಿಯ ನಾಯಿಗಳು ಹುಟ್ಟಿದಾಗಿನಿಂದ ಅಂಥದ್ದನ್ನು ಕಂಡಿರಲಿಲ್ಲ. ರೊಪ್ಪದ ಬೇಲಿಯ ಮೇಲಿನಿಂದ ಹ್ಯಾಟು ಇಣುಕಿದ್ದೇ ತಡ, ಕೆಂದ ಹಗ್ಗ ಜಗ್ಗಿ ಎದ್ದು ನಿಂತು ಬೊಗಳಿತು. ಗೊರಗೊರ ಇಲ್ಲದ, ಒಡಕಿಲ್ಲದ ದನಿ, ಆಚೆ ದಿಣ್ಣೆಗೆ ಹೋಗಿ ಬಡಿಯುವಂಥದ್ದು. ಮೈಲಾರಪ್ಪ ಮಗ್ಗದ ಗುಂಡಿಯಿಂದ ಎದ್ದು ಓಡಿಬಂದ. ಬಾವಿಯ ಹತ್ತಿರದ ಹೆಂಗಸರು ಕೊಡ ಅಲ್ಲೇ ಬಿಟ್ಟು ಬಂದರು.

ಸಾಹೇಬರು ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡು ಪೂರ್ತಿ ಬೊಗಳುವವರೆಗೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಸೂಜಿಯನ್ನು ನನಗೆ ಕೊಡು. ಹೊಸದಾಗಿ ಸೇರುವವರಿಗೆ ತೋರಿಸಬೇಕು" ಎಂದರು. ಮೀಸೆಯ ಕೆಳಗೆ ನಗು ಇತ್ತೆಂದು ಹುಸೇನ್ ಸಾಬರು ಆಣೆ ಮಾಡಿ ಹೇಳುತ್ತಿದ್ದರು. ನಾನು ನೋಡಲಿಲ್ಲ, ನಾನು ನೋಡುತ್ತಿದ್ದದ್ದು ಬಾವಿಯ ಹತ್ತಿರದಿಂದ ಬಂದ ಹೆಂಗಸರನ್ನು. ಅವರಲ್ಲೊಬ್ಬಳು ಕೆಂಚಮ್ಮನ ಪಕ್ಕ ಬಂದು ಕೂತು, ಅವಳ ಕದಿರು ತೆಗೆದುಕೊಂಡು ಅರ್ಧಕ್ಕೆ ನಿಂತಿದ್ದ ನೂಲನ್ನು ಮುಂದುವರಿಸಿದಳು.

ಆಮೇಲೆ ಎಷ್ಟೋ ಬದಲಾಯಿತು. ಕತ್ತೆಯ ಜಾಗಕ್ಕೆ ಎತ್ತಿನ ಗಾಡಿ ಬಂತು, ಗಾಡಿಯ ಜಾಗಕ್ಕೆ ಮೋಟಾರು ಬಸ್ಸು. ಸೀರಮ್ ಎಂದರೆ ಹೊಳೆ ದಾಟಿಸುತ್ತಿದ್ದವರೇ ದನ ಹೊಡೆದುಕೊಂಡು ಬಂದು ಸಾಲು ನಿಲ್ಲತೊಡಗಿದರು. ಹುಚ್ಚುನಾಯಿ ಕಡಿತದ ಚುಚ್ಚುಮದ್ದು ಊರಿನ ಹತ್ತಿರದ ಆಸ್ಪತ್ರೆಗಳಿಗೇ ಬಂತು. ಈಗ ಕಚ್ಚಿದ ತಕ್ಷಣ ಚುಚ್ಚಿಸಿ, ನಾಯಿಯನ್ನೂ ಕಟ್ಟಿ ನೋಡಿ. ನಾನು ಮಾಡಿದ ಹಾಗೆ ರೈಲಿನ ಲೆಕ್ಕ ಹಾಕುತ್ತ ಕೂರಬೇಡಿ. ಆದರೆ ಕೋವಿ ಹಿಡಿದವನಿಗಿಂತ ಮೊದಲು ಬಾಗಿಲಲ್ಲಿ ಕುಳಿತವಳನ್ನು ಮಾತಾಡಿಸಿ. ಅವಳು ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿ. ನಿಮ್ಮ ಪುಸ್ತಕದಲ್ಲಿ ಆ ಪ್ರಶ್ನೆ ಇರುವುದಿಲ್ಲ.

ಕೆಲಸ ಬಿಡುವ ವರ್ಷ ಕೊನೆಯ ಸಲ ಆ ಕಡೆ ಹೋಗಿದ್ದೆ. ಕೆಂಚಮ್ಮನ ತಲೆ ಹಣ್ಣಾಗಿತ್ತು, ಕಣ್ಣು ಮಂಜಾಗಿತ್ತು. ಕೆಂದ ಸತ್ತು ಬಹಳ ಕಾಲವಾಗಿತ್ತು. ಅದರ ಮರಿಯ ಮರಿಯೊಂದು, ಅದೇ ಕೆಂಪು ಬಣ್ಣದ್ದು, ಹೊಸ್ತಿಲ ಹತ್ತಿರ ಮಲಗಿತ್ತು. ನನ್ನ ದನಿ ಕೇಳಿ ಗುರುತು ಹಿಡಿದಳು.

"ಬರ್ರಿ, ಕುಂತ್ಕಳ್ರಿ. ಉಣ್ಣೋ ಹೊತ್ತು" ಎಂದಳು. ನಮ್ಮ ಜಾತಿಯವರಿಗೆ ಹಟ್ಟಿಯಲ್ಲಿ ಉಣ್ಣುವ ರೂಢಿಯಿಲ್ಲ. ಅಷ್ಟು ವರ್ಷ ನೀರು ಮಜ್ಜಿಗೆ ಕುಡಿದು ಎದ್ದು ಬಂದವನು ನಾನು. ಅದು ಅವಳಿಗೂ ಗೊತ್ತಿತ್ತು. ನಾನು ಕಂಬಳಿಯ ಮೇಲೆ ಕುಳಿತೆ.

ಒಲೆಯ ಪಕ್ಕದಲ್ಲಿ ಬಿಸಿ ಮುದ್ದೆ ತಿರುವಿ ಮಣೆಯ ಮೇಲಿಟ್ಟಳು. ಮೊದಲ ತುತ್ತು ಮುರಿಯುವ ಸದ್ದಿಗೆ ನಾಯಿ ಎದ್ದು ಬಂದು ಅಭ್ಯಾಸದಂತೆ ಎದುರಿಗೆ ಕುಳಿತಿತು. ಕೆಂಚಮ್ಮ ಆ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

"ಸುಮ್ಕಿರಲೇ" ಎಂದಳು ನಾಯಿಗೆ. "ನಿಮ್ಮಜ್ಜನ ಬಾಗಿಲು ಕಾಯ್ತೀನಿ ಅಂದೋರು ಇವ್ರು. ಇವತ್ತು ಮೊದ್ಲು ಇವ್ರು, ಆಮ್ಯಾಲೆ ನೀನು."

ತುತ್ತನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ನನ್ನ ತಟ್ಟೆಗಿಟ್ಟಳು. ನಮ್ಮಪ್ಪ ಬದುಕಿದ್ದರೆ ಏನೆನ್ನುತ್ತಿದ್ದರೋ ಗೊತ್ತಿಲ್ಲ. ನನಗೆ ಯಾವ ದರ್ಬಾರಿನಲ್ಲೂ ಶಾಲು ಹೊದಿಸಿದವರಿಲ್ಲ, ಅದರ ಆಸೆ ಆ ಹೊತ್ತಿಗೇ ಹೋಯಿತು. ಆ ಮನೆಯಲ್ಲಿ ತಲೆಮಾರುಗಳಿಂದ ನಾಯಿಯ ಪಾಲಾಗಿದ್ದ ತುತ್ತು ನನ್ನ ಪಾಲಿಗೆ ಬಂದಿತ್ತು. ಕೆಂದನ ಮೊಮ್ಮಗ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿತ್ತು. ಅದನ್ನು ಹೆಚ್ಚು ಕಾಯಿಸಬಾರದೆಂದು ಬೇಗ ಉಂಡೆ.